ಓಡುವ ಮೊದಲು ಒಂದು ಬಸ್ಕಿ

ಪಿಎಸ್‌ಐ ದೈಹಿಕ ಪರೀಕ್ಷೆಗೆ ಇನ್ನು ಆರೇ ವಾರ ಉಳಿದಿತ್ತು. 1,600 ಮೀಟರನ್ನು 7 ನಿಮಿಷದೊಳಗೆ ಮುಗಿಸಬೇಕು. ಲೆಕ್ಕ ಹಾಕಿದರೆ 400 ಮೀಟರಿನ ಒಂದೊಂದು ಸುತ್ತಿಗೆ ಸಿಗುವುದು 105 ಸೆಕೆಂಡ್. ಬೆಳಿಗ್ಗೆ ಎಂಟಕ್ಕೆ ಧಾರವಾಡದ ಲೈಬ್ರರಿಯ ಕುರ್ಚಿ ಹಿಡಿದರೆ ಸಂಜೆ ಆರಕ್ಕೆ ಏಳುತ್ತಿದ್ದೆ. ಅಲ್ಲಿಂದ ನೇರ ಮೈದಾನಕ್ಕೆ ಹೋಗಿ ಶೂ ಕಟ್ಟಿದವನೇ ಓಡಲು ಶುರು.

ಎರಡನೇ ವಾರಕ್ಕೇ ಮಂಡಿಚಿಪ್ಪಿನ ಸುತ್ತ ನೋವು. ಮೆಟ್ಟಿಲು ಇಳಿಯುವಾಗಲಂತೂ ಗೋಡೆ ಹಿಡಿಯಬೇಕು. ಹೊಸ ಶೂ ತಂದೆ, ನೀ ಕ್ಯಾಪ್ ಹಾಕಿದೆ. ರೂಮ್‌ಮೇಟ್ ಹೇಳಿದ, ‘ಇನ್ನೂ ಜಾಸ್ತಿ ಓಡಲೇ, ತಾನ ಸರಿ ಹೊಕ್ಕೈತಿ.’ ಜಾಸ್ತಿ ಓಡಿದೆ. ನೋವೂ ಜಾಸ್ತಿಯಾಯಿತು.

ಮೈದಾನಕ್ಕೆ ವಾಕಿಂಗ್ ಬರುವ ಹಿರಿಯರೊಬ್ಬರಿದ್ದರು. ಹರೆಯದಲ್ಲಿ ಗರಡಿಯಲ್ಲಿ ಮೈ ಹದ ಮಾಡಿದವರು. ನಾನು ಕುಂಟುವುದನ್ನು ನೋಡಿ ಕರೆದರು.

‘ತಮ್ಮಾ, ಒಂದು ಬಸ್ಕಿ ಹೊಡಿ ನೋಡೂನು.’

ಶಾಲೆಯಲ್ಲಿ ಶಿಕ್ಷೆಗೆಂದು ಎಷ್ಟೋ ಬಸ್ಕಿ ಹೊಡೆದವನು ನಾನು. ಆದರೆ ಅಂದು ಅರ್ಧ ಕೂರುವಷ್ಟರಲ್ಲೇ ಹಿಮ್ಮಡಿ ಮೇಲೆದ್ದವು, ಎರಡೂ ಮಂಡಿ ಒಳಕ್ಕೆ ವಾಲಿದವು, ಎದೆ ಮುಂದಕ್ಕೆ ಬಿತ್ತು.

‘ದಿನಾ ಎಷ್ಟ್ ತಾಸು ಕುಂದ್ರತಿ?’

‘ಹತ್ತು ತಾಸು ರೀ ಕಾಕಾ.’

‘ಕಟ್ಟಿಹಾಕಿದ ಎತ್ತನ್ನೂ ಗಾಡಿ ಹೂಡೂಕಿಂತ ಮೊದಲ ನಾಕು ಹೆಜ್ಜಿ ಅಡ್ಡಾಡಿಸ್ತಾರ. ನೀ ಕುರ್ಚಿಯಿಂದ ಎದ್ದಾಂವ ಸೀದಾ ಓಡ್ತಿ!’

ಆ ಮಾತು ಅರ್ಥವಾಗಲು ಸ್ವಲ್ಪ ಓದಬೇಕಾಯಿತು. ಗಂಟೆಗಟ್ಟಲೆ ಕೂತಾಗ ತೊಡೆಸಂದಿಯ ಮುಂಭಾಗದ ಸ್ನಾಯುಗಳು ಮಡಚಿಕೊಂಡೇ ಇರುತ್ತವೆ, ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಓಡುವಾಗ ತೊಡೆ ಒಳಕ್ಕೆ ತಿರುಗದಂತೆ ತಡೆಯುವುದು ಈ ಪೃಷ್ಠದ ಸ್ನಾಯುಗಳೇ. ಅವು ಸೋತರೆ ಆ ಭಾರವನ್ನು ಮಂಡಿ ಹೊರಬೇಕು. ಅಂದರೆ ನೋವು ಮಂಡಿಯಲ್ಲಿದ್ದರೂ ತಪ್ಪು ಮಂಡಿಯದ್ದಾಗಿರಲಿಲ್ಲ.

ಅಮೆರಿಕದ ಗ್ರೇ ಕುಕ್ ಮತ್ತು ಲೀ ಬರ್ಟನ್ ರೂಪಿಸಿದ ‘ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್’ ಎಂಬ ಪರೀಕ್ಷೆಯೊಂದಿದೆ. ಅದರಲ್ಲಿ 7 ಚಲನೆಗಳು, ಒಂದೊಂದಕ್ಕೂ 3 ಅಂಕ, ಒಟ್ಟು 21. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ಪೂರ್ತಿ ಕೂರುವ ಬಸ್ಕಿಯೂ ಅದರಲ್ಲೊಂದು. ಚಲನೆಯಲ್ಲಿ ನೋವು ಬಂದರೆ ಅದಕ್ಕೆ ನೇರ ಸೊನ್ನೆ! ಕಾಕಾ ಯಾವ ಅಂಕಪಟ್ಟಿಯೂ ಇಲ್ಲದೆ ನನ್ನನ್ನು ಫೇಲ್ ಮಾಡಿದ್ದರು.

ಎರಡು ವಾರ ಓಟ ನಿಲ್ಲಿಸಿದೆ. ಪರೀಕ್ಷೆ ಎದುರಿಗಿಟ್ಟುಕೊಂಡು ನಿಲ್ಲಿಸುವುದಕ್ಕೆ ಓಡುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಲೈಬ್ರರಿಯಲ್ಲಿ 45 ನಿಮಿಷಕ್ಕೊಮ್ಮೆ ಏಳುವುದು ರೂಢಿ ಮಾಡಿಕೊಂಡೆ. ನೀರಿನ ಬಾಟಲಿಯನ್ನು ಬೇಕೆಂದೇ ದೂರದ ಕಿಟಕಿಯ ಬಳಿ ಇಟ್ಟೆ. ಸಂಜೆ ಒಂದು ಮಂಡಿ ನೆಲಕ್ಕೂರಿ ತೊಡೆಸಂದಿ ಹಿಗ್ಗಿಸುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಆಮೇಲೆ ಕನ್ನಡಿ ಮುಂದೆ ನಿಧಾನವಾಗಿ ಹತ್ತು ಬಸ್ಕಿ. ಪಾದ ಪೂರ್ತಿ ನೆಲದಲ್ಲಿ, ಮಂಡಿ ಬೆರಳುಗಳ ದಿಕ್ಕಿಗೆ. ನೋವು ಬರುವಷ್ಟು ಆಳಕ್ಕೆ ಹೋಗುತ್ತಿರಲಿಲ್ಲ. ಹನ್ನೊಂದನೆಯದು ವಾಲಿದರೆ ಹತ್ತಕ್ಕೇ ನಿಲ್ಲಿಸುತ್ತಿದ್ದೆ.

ಮತ್ತೆ ಓಡಲು ಶುರು ಮಾಡಿದಾಗ ಇನ್ನೊಂದು ತಪ್ಪು ಕಂಡಿತು. ವೇಗಕ್ಕಾಗಿ ನಾನು ಉದ್ದುದ್ದ ಹೆಜ್ಜೆ ಹಾಕುತ್ತಿದ್ದೆ. ಪಾದ ದೇಹಕ್ಕಿಂತ ಎಷ್ಟೋ ಮುಂದೆ ಬಿದ್ದು, ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗುತ್ತಿತ್ತು. ಹೆಜ್ಜೆ ಚಿಕ್ಕದು ಮಾಡಿ, ಬೇಗಬೇಗ ಹಾಕಿ, ಪಾದ ಮೈಯ ಕೆಳಗೇ ಬೀಳುವಂತೆ ನೋಡಿಕೊಂಡೆ. ಮಂಡಿಗೆ ಬೀಳುವ ಪೆಟ್ಟು ಕಡಿಮೆಯಾಯಿತು.

ಪರೀಕ್ಷೆಯ ದಿನ 6 ನಿಮಿಷ 48 ಸೆಕೆಂಡ್‌ಗೆ ಗೆರೆ ದಾಟಿದೆ. ಹಿಂದೆ ಬಿದ್ದವರಲ್ಲಿ ನನಗಿಂತ ಗಟ್ಟಿಮುಟ್ಟಾದವರೂ ಇದ್ದರು.

ಲಿಖಿತ ಪರೀಕ್ಷೆಯಲ್ಲಿ ಮಾತ್ರ ಕೆಲವೇ ಅಂಕಗಳಿಂದ ಸೋತೆ. ಹಾಗಾಗಿ ಈಗಲೂ ಅದೇ ಲೈಬ್ರರಿ, ಅದೇ ಕುರ್ಚಿ. ವ್ಯತ್ಯಾಸ ಇಷ್ಟೇ, 45 ನಿಮಿಷಕ್ಕೊಮ್ಮೆ ನಾನು ಎದ್ದಾಗ ಪಕ್ಕದ ಸಾಲಿನ ನಾಲ್ಕೈದು ಜನವೂ ಏಳುತ್ತಾರೆ.

ನೀವೂ ದಿನವಿಡೀ ಕೂತು ಸಂಜೆ ಶಟಲ್, ಕ್ರಿಕೆಟ್, ಜಿಮ್ ಎಂದು ಓಡುವವರಾದರೆ ಇವತ್ತು ಕನ್ನಡಿ ಮುಂದೆ ಒಂದು ಬಸ್ಕಿ ಹೊಡೆದು ನೋಡಿ. ಊತವಿದ್ದರೆ, ನೋವು ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣಿ. ಇಲ್ಲದಿದ್ದರೆ, ಹಿಮ್ಮಡಿ ಎದ್ದಿತೇ, ಮಂಡಿ ವಾಲಿತೇ? ಮೊದಲು ಅದನ್ನು ಸರಿಮಾಡಿಕೊಳ್ಳಿ. ಮೈದಾನ ಎಲ್ಲಿಗೂ ಹೋಗುವುದಿಲ್ಲ.