ಹೂಜಿ ಗಿಡಕ್ಕೆ ಎರೆಮಣ್ಣು ಒಗ್ಗದು

ಪ್ರಶ್ನೆ: ನರ್ಸರಿಯಿಂದ ತಂದ ಹೂಜಿ ಗಿಡವನ್ನು ನಮ್ಮ ಹೊಲದ ಎರೆಮಣ್ಣಿಗೆ ಗೊಬ್ಬರ ಬೆರೆಸಿ ಕುಂಡದಲ್ಲಿ ನೆಟ್ಟೆ. ಎಲೆ ಹಳದಿಯಾಗಿ ಹೂಜಿಗಳು ಒಣಗುತ್ತಿವೆ. ಉಳಿಸಬಹುದೇ?
– ಓದುಗರೊಬ್ಬರು, ಯಲವಿಗಿ

ಉತ್ತರ: ಕಾಂಡ ಇನ್ನೂ ಹಸಿರಾಗಿದ್ದರೆ ಪ್ರಯತ್ನಿಸಬಹುದು. ಭಾರತದಲ್ಲಿ ಸಹಜವಾಗಿ ಬೆಳೆಯುವ ಒಂದೇ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನಾ. ಅದರ ತವರು ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳು. ಅಲ್ಲಿನ ಮಣ್ಣು ಹುಳಿ, ಸಾರವಿಲ್ಲದ್ದು. ಸಾರಜನಕದ ಕೊರತೆ ನೀಗಲೆಂದೇ ಅದು ಹುಳ ಹಿಡಿಯುತ್ತದೆ. ಹತ್ತಿಗೆ ಬಂಗಾರದಂಥ ನಿಮ್ಮ ಎರೆಮಣ್ಣು ಅದಕ್ಕೆ ಉಸಿರುಗಟ್ಟಿಸುತ್ತದೆ. ಮೇಲೆ ಗೊಬ್ಬರ ಬೇರೆ!

ಗಿಡವನ್ನು ಮೆಲ್ಲಗೆ ಬಿಡಿಸಿ, ಬೇರನ್ನು ಮಳೆನೀರಲ್ಲಿ ತೊಳೆಯಿರಿ. ಬೇರು ಕಪ್ಪಗಿದೆಯೆಂದು ಹೆದರಬೇಡಿ, ಅದರ ಬಣ್ಣವೇ ಹಾಗೆ. ಕೊಳೆತು ಮೆತ್ತಗಾದದ್ದನ್ನಷ್ಟೇ ಕತ್ತರಿಸಿ. ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಗೆ ಪರ್ಲೈಟ್ ಬೆರೆಸಿ ನೆಡಿ. ಬೋರ್‌ವೆಲ್ ನೀರು ಬೇಡವೇ ಬೇಡ. ಬುಡದಲ್ಲಿ ನೀರು ನಿಲ್ಲದಿರಲಿ, ನೆರಳುಬಲೆಯ ಕೆಳಗಿಡಿ.

ಒಣಗಿದ ಹೂಜಿ ಮತ್ತೆ ಹಸಿರಾಗದು. ಹೊಸ ಎಲೆಯ ತುದಿಯಲ್ಲೇ ಹೊಸ ಹೂಜಿ. ಬೇಸಿಗೆಯ ಒಣಗಾಳಿಗೆ ಎಲೆ ಬಂದರೂ ಹೂಜಿ ಮೂಡದಿರಬಹುದು. ಮಳೆಗಾಲದವರೆಗೆ ಕಾಯಿರಿ, ಗೊಬ್ಬರದ ಚೀಲವನ್ನು ಮಾತ್ರ ದೂರವಿಡಿ.