ಬಂದವರ ಲೆಕ್ಕವಿದೆ, ಹೋದವರ ಲೆಕ್ಕ ಎಲ್ಲಿ?

2020ರ ಮೇ ಎರಡನೇ ವಾರದವರೆಗೆ ಹಾಸನ ಜಿಲ್ಲೆ ಹಸಿರು ವಲಯದಲ್ಲಿತ್ತು. ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ಮರಳಿದವರಲ್ಲಿ ಮೊದಲ ಕೋವಿಡ್ ಪ್ರಕರಣಗಳು ಪತ್ತೆಯಾದವು. ಆಮೇಲೆ ಸರ್ಕಾರದ ಸೇವಾ ಸಿಂಧು ಪ್ರಯಾಣ ಪಾಸ್ ಹಿಡಿದು ಬಂದವರ ಪಟ್ಟಿ, ಕ್ವಾರಂಟೈನ್ ಕೇಂದ್ರಗಳ ಪಟ್ಟಿ ದಿನದಿನಕ್ಕೂ ಬೆಳೆದವು. ಯಾರ ಮಗ ಮುಂಬೈಯಲ್ಲಿದ್ದಾನೆ, ಯಾರ ಸಂಸಾರ ಅಲ್ಲಿಗೆ ಹೋಗಿದೆ ಎಂಬುದು ಊರಿನವರಿಗೆ ಮೊದಲೇ ಗೊತ್ತಿತ್ತು. ಆದರೆ ಈ ತಾಲ್ಲೂಕಿನಿಂದ ಎಷ್ಟು ಜನ ಮುಂಬೈಗೆ ಹೋಗಿದ್ದಾರೆಂದು ಹೇಳುವ ಒಂದು ಸಾಲೂ ಜನಗಣತಿಯ ಕೋಷ್ಟಕಗಳಲ್ಲಿ ಇರಲಿಲ್ಲ.

ಇದಕ್ಕೆ ಕಾರಣ ಎಣಿಸುವ ಕ್ರಮದಲ್ಲೇ ಇದೆ. ಜನಗಣತಿ ಎಣಿಸುವುದು ಬಂದವರನ್ನು, ಹೋದವರನ್ನಲ್ಲ. ಹುಟ್ಟಿದ ಊರಿನ ಪ್ರಶ್ನೆ ಬ್ರಿಟಿಷರ ಕಾಲದಿಂದ ಇದೆ. ಹಿಂದೆ ವಾಸವಿದ್ದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆಗಳು 1971ರಲ್ಲಿ ಸೇರಿದವು. ಯಾಕೆ ಬಂದಿರಿ ಎಂಬ ಪ್ರಶ್ನೆ ಬಂದದ್ದು 1981ರಲ್ಲಿ. ಇವೆಲ್ಲಕ್ಕೂ ಉತ್ತರ ಕೊಡುವವರು ತಲುಪಿದ ಊರಿನಲ್ಲಿರುವವರು. ಅರಕಲಗೂಡಿನಿಂದ ಪೀಣ್ಯಕ್ಕೆ ಹೋದ ಹುಡುಗ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ. ಮುಖ್ಯ ಕೋಷ್ಟಕಗಳಲ್ಲಿ ಅವನು 'ರಾಜ್ಯದ ಇತರ ಜಿಲ್ಲೆಗಳಿಂದ ಬಂದವರು' ಎಂಬ ಒಟ್ಟು ಸಂಖ್ಯೆಯಲ್ಲಿ ಕರಗಿಹೋಗುತ್ತಾನೆ. ಅರಕಲಗೂಡಿನ ಹೆಸರು ಅಲ್ಲಿ ಕಾಣುವುದಿಲ್ಲ.

ಮನೆ ಬಾಗಿಲಲ್ಲೇ ಲೆಕ್ಕ ತಪ್ಪುವುದೂ ಉಂಟು. 'ಮನೇಲಿ ಎಷ್ಟು ಜನ ಇದೀರಮ್ಮ?' ಎಂದು ಗಣತಿದಾರರು ಕೇಳುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಶನಿವಾರ ರಾತ್ರಿ ಬಸ್ಸಿಗೆ ಬರುತ್ತಾನೆ. ಅವನ ರೇಷನ್ ಕಾರ್ಡೂ ವೋಟೂ ಇಲ್ಲೇ ಇವೆ. ತಾಯಿ ಅವನನ್ನು ಬಿಟ್ಟು ಎಣಿಸುವುದಾದರೂ ಹೇಗೆ? ಐದು ಜನ ಎನ್ನುತ್ತಾಳೆ, ಅಲ್ಲಿಗೆ ಒಂದು ವಲಸೆ ಅಳಿಸಿಹೋಯಿತು. ಅರಕಲಗೂಡಿನಿಂದ ಹೊಳೆನರಸೀಪುರದ ಹಳ್ಳಿಗೆ ಸೊಸೆಯಾಗಿ ಬಂದವಳು ಮಾತ್ರ ತಪ್ಪದೆ ವಲಸೆಯವಳೆಂದು ದಾಖಲಾಗುತ್ತಾಳೆ. 2020–21ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ 47.9, ಗಂಡಸರಲ್ಲಿ ಶೇ 10.7 ಮಂದಿ ವಲಸಿಗರು. ವಲಸೆ ಬಂದ ಹೆಂಗಸರಲ್ಲಿ ಶೇ 86.8 ಮಂದಿಗೆ ಮದುವೆಯೇ ಕಾರಣ. 'ನೂರಕ್ಕೆ ಇಪ್ಪತ್ತೊಂಬತ್ತು ಜನ ವಲಸಿಗರು' ಎಂಬ ತಲೆಬರಹ ಓದುವಾಗ ಇದು ನೆನಪಿರಬೇಕು. ಕೂಲಿಗೆ ಹೋದವರ ಸಂಕಟ ಆ ಸಂಖ್ಯೆಯ ತಳದಲ್ಲೆಲ್ಲೋ ಇರುತ್ತದೆ.

ಕಾರಣಗಳ ಪಟ್ಟಿಯೂ ಗಣತಿಯಿಂದ ಗಣತಿಗೆ ಬದಲಾಗಿದೆ. 1991ರಲ್ಲಿ 'ನೈಸರ್ಗಿಕ ವಿಕೋಪ' ಎಂಬ ಕಾರಣ ಪಟ್ಟಿಯಲ್ಲಿತ್ತು, 2001ರಲ್ಲಿ ಅದನ್ನು ಕೈಬಿಟ್ಟರು. ಬರಗಾಲಕ್ಕೆ ಊರು ಬಿಟ್ಟವರು ಅಂದಿನಿಂದ 'ಇತರೆ' ಕಾಲಂಗೆ ಸೇರಿದರು. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಹೊಲ ಮನೆ ಮುಳುಗಿ ಎದ್ದು ಹೋದವರಿಗಂತೂ ಜನಗಣತಿಯಲ್ಲಿ ಬೇರೆ ಕಾಲಂ ಇಲ್ಲವೇ ಇಲ್ಲ. ಆ ಜಲಾಶಯದಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಚರ್ಚ್‌ ನೋಡಲು ಪ್ರವಾಸಿಗರು ಬರುತ್ತಾರೆ. ಆ ಸುತ್ತಿನ ಜನ ಎಲ್ಲೆಲ್ಲಿ ಚದುರಿದರೆಂದು ಗಣತಿಯ ಪುಸ್ತಕ ತೆರೆದರೆ ಸಿಗುವುದಿಲ್ಲ.

ಹಾಗಾದರೆ ಹೋದವರನ್ನು ಅಂದಾಜಿಸುವುದು ಹೇಗೆ? ಜನಸಂಖ್ಯೆ ಎಷ್ಟು ಬೆಳೆಯಿತೆಂದು ನೋಡಿ, ಅದರಿಂದ ಹುಟ್ಟು ಸಾವಿನ ವ್ಯತ್ಯಾಸವನ್ನು ಕಳೆಯುವುದು ಒಂದು ದಾರಿ. 2001ರಲ್ಲಿ ಹಾಸನ ಜಿಲ್ಲೆಯಲ್ಲಿ 17,21,669 ಜನರಿದ್ದರು. 2011ರಲ್ಲಿ 17,76,421. ಹತ್ತು ವರ್ಷದಲ್ಲಿ ಬೆಳೆದದ್ದು ಶೇ 3ರಷ್ಟು ಮಾತ್ರ. ಅದೇ ಅವಧಿಯಲ್ಲಿ ರಾಜ್ಯ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದವು. ಹಾಸನದ ಅಂಕಿಯಲ್ಲಿ ಚಿಕ್ಕ ಸಂಸಾರಗಳ ಪಾಲೂ ಇದೆ, ಬೆಂಗಳೂರು ಬಸ್ ಹತ್ತಿದವರ ಪಾಲೂ ಇದೆ. ಜಿಲ್ಲೆಯ ಮಟ್ಟದಲ್ಲಿ ಈ ಎರಡನ್ನು ಬೇರ್ಪಡಿಸಬಹುದು. ತಾಲ್ಲೂಕಿಗೆ ಇಳಿದರೆ ಲೆಕ್ಕ ಕೂಡುವುದಿಲ್ಲ. ಕಾನೂನಿನಂತೆ ಜನನ ನೋಂದಣಿಯಾಗುವುದು ಹೆರಿಗೆಯಾದ ಜಾಗದಲ್ಲಿ. ಹೊಳೆನರಸೀಪುರದ ಹೆಣ್ಣುಮಗಳು ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹೆತ್ತರೆ ಮಗು ಹಾಸನದ ಪುಸ್ತಕಕ್ಕೆ ಸೇರುತ್ತದೆ.

ಅಂಕಿ ಅರೆಬರೆಯಾಗಿದ್ದರೂ ಅದರ ಪರಿಣಾಮ ಮಾತ್ರ ಪೂರ್ತಿಯಾಗಿ ತಟ್ಟುತ್ತದೆ. 2001ರ ಗಣತಿಯನ್ನು ಆಧರಿಸಿದ ಕ್ಷೇತ್ರ ಮರುವಿಂಗಡಣೆ 2008ರ ಚುನಾವಣೆಯಿಂದ ಜಾರಿಗೆ ಬಂತು. ಹಾಸನ ಜಿಲ್ಲೆ ಗಂಡಸಿ ವಿಧಾನಸಭಾ ಕ್ಷೇತ್ರವನ್ನು ಕಳೆದುಕೊಂಡು ಏಳಕ್ಕೆ ಇಳಿಯಿತು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೆ ಏರಿದವು. ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ ನಿಂತಿರುವುದೂ 2011ರ ಗಣತಿಯ ಮೇಲೆಯೇ. ದುಡಿಯುವವರು ಹೊರಟುಹೋದ ಊರಿನಲ್ಲಿ ವಯಸ್ಸಾದವರು ಉಳಿಯುತ್ತಾರೆ, ಅವರ ಚಿಕಿತ್ಸೆಯ ಅಗತ್ಯ ಹೆಚ್ಚುತ್ತದೆ. ತಲೆ ಎಣಿಸಿ ಹಂಚುವ ಸೂತ್ರಕ್ಕೆ ಇದು ಕಾಣುವುದಿಲ್ಲ.

ದಾರಿ ಇಲ್ಲವೆಂದಲ್ಲ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಲ್ಲಿ ಕೇರಳ ವಲಸೆ ಸಮೀಕ್ಷೆಯನ್ನು ಆರಂಭಿಸಿತು. ಅಲ್ಲಿ ಕುಟುಂಬಗಳನ್ನೇ ಕೇಳುತ್ತಾರೆ: ಯಾರು ಹೋದರು, ಎಲ್ಲಿಗೆ ಹೋದರು, ಎಷ್ಟು ಹಣ ಕಳಿಸುತ್ತಾರೆ, ಯಾರು ಮರಳಿದರು? ಅಂಥದ್ದೊಂದು ಸಮೀಕ್ಷೆ ನಮ್ಮ ಜಿಲ್ಲೆಗೂ ಬೇಕು. ಗ್ರಾಮ ಪಂಚಾಯಿತಿಗಳೇ ವರ್ಷಕ್ಕೊಮ್ಮೆ ಇದನ್ನು ಮಾಡಬಲ್ಲವು. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಬೇಕಷ್ಟೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿದ್ದಾರೆ. ಮುಂದಿನ ಯೋಜನೆ, ಅನುದಾನ, ಪ್ರಾತಿನಿಧ್ಯ ಎಲ್ಲಕ್ಕೂ ಅದೇ ಆಧಾರವಾಗಲಿದೆ. ಬೆಂಗಳೂರು, ಮೈಸೂರು, ಮುಂಬೈಗಳಲ್ಲಿ ನೆಲೆಸಿರುವ ಹಾಸನ ಸೀಮೆಯವರಲ್ಲಿ ಒಂದು ಕೋರಿಕೆ. ಗಣತಿದಾರರು ಬಂದಾಗ ಹಿಂದೆ ಇದ್ದ ಊರನ್ನು ಹಳ್ಳಿ, ಜಿಲ್ಲೆ ಸಮೇತ ಬರೆಸಿ. ಕೆಲಸ ಹುಡುಕಿ ಬಂದಿದ್ದರೆ ಹಾಗೆಂದೇ ಹೇಳಿ. ಊರಿನಲ್ಲಿರುವವರು ಮನೆಯಲ್ಲಿ ಈಗ ಯಾರಿದ್ದಾರೋ ಅವರನ್ನೇ ಬರೆಸಿ. ನಮ್ಮ ಊರುಗಳ ನಿಜಸ್ಥಿತಿ ಸರ್ಕಾರಕ್ಕೆ ಗೊತ್ತಾಗಬೇಕಾದರೆ ನಾವು ಕೊಡುವ ಉತ್ತರ ಸರಿಯಾಗಿರಬೇಕು.