ಹಿಮದ ಮೇಲೆ ಜಾರುವ ಹಲಗೆ

ಭತ್ತದ ನಾಟಿಗೆ ಮುಂಚೆ ಗದ್ದೆಯನ್ನು ಸಿದ್ಧಪಡಿಸುವುದನ್ನು ನೀವು ನೋಡಿರಬಹುದು. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆ ಹರಿಯುವ ಕಡೆ, ಕೃಷ್ಣಗಿರಿ ಅಣೆಕಟ್ಟಿನ ಕೆಳಗಿನ ಬಯಲಿನಲ್ಲಿ ಇಂತಹ ಗದ್ದೆಗಳಿವೆ. ನೀರು ಕಟ್ಟಿ ಉತ್ತ ಗದ್ದೆಗೆ ಬರಿಗಾಲಿನಲ್ಲಿ ಇಳಿದರೆ ಮೀನಖಂಡದವರೆಗೆ ಕಾಲು ಹೂತುಕೊಳ್ಳುತ್ತದೆ. ಒಂದು ಕಾಲನ್ನು ಕೀಳುವಷ್ಟರಲ್ಲಿ ಇನ್ನೊಂದು ಹೂತಿರುತ್ತದೆ. ಆದರೆ ಅದೇ ಗದ್ದೆಯಲ್ಲಿ ರೈತರು ಎತ್ತುಗಳಿಗೆ ಉದ್ದನೆಯ ಹಲಗೆ ಕಟ್ಟಿ, ಅದರ ಮೇಲೆ ತಾವು ನಿಂತು ಕೆಸರನ್ನು ಸಮ ಮಾಡುತ್ತಾರೆ. ರೈತನ ಭಾರವಿದ್ದರೂ ಹಲಗೆ ಮುಳುಗುವುದಿಲ್ಲ. ಕೆಸರಿನ ಮೇಲೆ ನುಣ್ಣಗೆ ಜಾರಿಕೊಂಡು ಹೋಗುತ್ತದೆ. ಈಗ ಅನೇಕ ಊರುಗಳಲ್ಲಿ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿದೆ. ಕೆಸರು ಗದ್ದೆಗೆ ಇಳಿಸುವಾಗ ಅದಕ್ಕೂ ಕಬ್ಬಿಣದ ಪಟ್ಟಿಗಳ ಅಗಲವಾದ ಚಕ್ರಗಳನ್ನು ಜೋಡಿಸುತ್ತಾರೆ.

ಬರಿಗಾಲು ಹೂತುಕೊಳ್ಳುತ್ತದೆ, ಹಲಗೆ ಏಕೆ ಹೂತುಕೊಳ್ಳುವುದಿಲ್ಲ? ಒಂದು ಲೆಕ್ಕ ಮಾಡಿ ನೋಡೋಣ. ಐದನೆಯ ತರಗತಿಯ ಒಬ್ಬ ಹುಡುಗಿಯ ತೂಕ 30 ಕಿಲೋಗ್ರಾಂ ಎಂದುಕೊಳ್ಳಿ. ಅವಳ ಎರಡು ಪಾದಗಳೂ ಸೇರಿ ಸುಮಾರು 300 ಚದರ ಸೆಂಟಿಮೀಟರ್ ಜಾಗದಲ್ಲಿ ನೆಲವನ್ನು ಮುಟ್ಟುತ್ತವೆ. 30 ಕಿಲೋಗ್ರಾಂ ಎಂದರೆ 30,000 ಗ್ರಾಂ. ಅದನ್ನು 300ರಿಂದ ಭಾಗಿಸಿದರೆ 100 ಬರುತ್ತದೆ. ಅಂದರೆ ಅವಳ ಕಾಲ ಕೆಳಗಿನ ಒಂದೊಂದು ಚದರ ಸೆಂಟಿಮೀಟರ್ ಕೆಸರೂ 100 ಗ್ರಾಂ ಭಾರ ಹೊರಬೇಕು. ಅವಳು 3,000 ಚದರ ಸೆಂಟಿಮೀಟರ್ ಇರುವ ಹಲಗೆಯ ಮೇಲೆ ನಿಂತರೆ? ಅದೇ ಭಾರ ಹತ್ತು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಒಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವುದು 10 ಗ್ರಾಂ ಮಾತ್ರ. ಹುಡುಗಿಯ ತೂಕ ಒಂದು ಗ್ರಾಂ ಕೂಡ ಕಡಿಮೆಯಾಗಲಿಲ್ಲ, ಅದನ್ನು ಹೊರುವ ಜಾಗ ಹೆಚ್ಚಾಯಿತು, ಅಷ್ಟೆ. ಹೀಗೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರವನ್ನು ಒತ್ತಡ ಎನ್ನುತ್ತೇವೆ.

ನಮ್ಮ ಕೆಸರು ಗದ್ದೆಯ ಹಲಗೆಗೆ ಹಿಮದ ನಾಡಿನಲ್ಲಿ ಒಬ್ಬ ನೆಂಟನಿದ್ದಾನೆ. ಅವನ ಹೆಸರು ಸ್ಕೀ. ಸ್ಕೀ ಎಂದರೆ ಒಂದೊಂದು ಕಾಲಿಗೆ ಒಂದೊಂದರಂತೆ ಕಟ್ಟಿಕೊಳ್ಳುವ ಉದ್ದನೆಯ, ತೆಳುವಾದ ಹಲಗೆ. ಅದರ ಮುಂತುದಿ ಮೇಲಕ್ಕೆ ಬಾಗಿರುತ್ತದೆ. ಗಟ್ಟಿಯಾದ ಬೂಟು ಹಾಕಿಕೊಂಡು, ಬೂಟನ್ನು ಹಲಗೆಗೆ ಸಿಕ್ಕಿಸಿ, ಎರಡು ಕೈಗಳಲ್ಲಿ ಕೋಲು ಹಿಡಿದು ಹಿಮದ ಇಳಿಜಾರಿನಲ್ಲಿ ಜಾರುತ್ತಾರೆ.

ಹೊಸೂರಿನಲ್ಲಿ ಹಿಮ ಬೀಳುವುದಿಲ್ಲ. ಬೇಸಿಗೆಯ ಮಳೆಯಲ್ಲಿ ಆಲಿಕಲ್ಲು ಬಿದ್ದರೆ ನಾವು ಪಾತ್ರೆ ಹಿಡಿದು ಓಡುತ್ತೇವೆ, ಅಷ್ಟೇ ನಮಗೆ ಗೊತ್ತಿರುವುದು. ಆದರೂ ಹಿಮ ನಮ್ಮವರಿಗೆ ಸಂಬಂಧವಿಲ್ಲದ ವಸ್ತುವೇನಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಸುಮಾರು 6,000 ಮೀಟರ್ ಎತ್ತರದ ಸೇನಾ ಠಾಣೆಯೊಂದರ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಿಪಾಯಿ ಎನ್. ರಾಮಮೂರ್ತಿ ಒಬ್ಬರು. ಧಾರವಾಡ ಜಿಲ್ಲೆಯ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ನಂತರ ಹಿಮದ ಅಡಿಯಿಂದ ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ಅವರೂ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದು ಕುಸಿದ ಹಿಮದಿಂದ ಯಾವ ಹಲಗೆಯೂ ಅವರನ್ನು ಕಾಪಾಡುವಂತಿರಲಿಲ್ಲ. ಆದರೆ ಹಿಮದಲ್ಲಿ ದಿನವೂ ಓಡಾಡಬೇಕಾದವರು ಕಾಲು ಹೂಳದಂತೆ ಸಾಗುವುದನ್ನು ಮೊದಲು ಕಲಿಯಲೇಬೇಕು. ಅದಕ್ಕಾಗಿಯೇ ನಮ್ಮ ಸೈನ್ಯ 1948ರಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಶಾಲೆಯನ್ನು ತೆರೆಯಿತು. ಆ ಶಾಲೆಯನ್ನು ತೆರೆದ ಡಿವಿಷನ್ನಿನ ನಾಯಕರಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಅವರು ಮುಂದೆ ಇಡೀ ಭೂಸೇನೆಯ ಮುಖ್ಯಸ್ಥರಾದರು.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಹೊಸೂರಿನ ಎತ್ತರ ಸುಮಾರು 900 ಮೀಟರ್. ಎಷ್ಟು ವ್ಯತ್ಯಾಸವೆಂದು ನೀವೇ ಕಳೆದು ನೋಡಿ. ಗುಲ್ಮಾರ್ಗ್‌ನಿಂದ ಅಫರ್ವತ್ ಎಂಬ ಬೆಟ್ಟಕ್ಕೆ ತಂತಿಯ ಮೇಲೆ ತೂಗುತ್ತಾ ಹೋಗುವ ಗೊಂಡೋಲಾ ಬಂಡಿಗಳಿವೆ. ಕೆಳಗಿನ ಇಳಿಜಾರುಗಳಲ್ಲಿ ಹಿಮವನ್ನು ಯಂತ್ರದಿಂದ ಒತ್ತಿ ಗಟ್ಟಿ ಮಾಡಿರುತ್ತಾರೆ. ಸ್ಕೀ ಕಲಿಯುವವರು ಅಲ್ಲಿ ಆಡುತ್ತಾರೆ. ಬೆಟ್ಟದ ಮೇಲಿನ ಭಾಗದಲ್ಲಿ ಹಿಮ ಬಿದ್ದದ್ದು ಬಿದ್ದ ಹಾಗೆಯೇ ಇರುತ್ತದೆ.

ಈ ಎರಡು ಬಗೆಯ ಹಿಮಕ್ಕೆ ಎಷ್ಟು ಅಂತರವಿದೆ ಗೊತ್ತೇ? ಆಗತಾನೇ ಬಿದ್ದ ಒಣ ಹಿಮ ಜರಡಿ ಹಿಡಿದ ಹಿಟ್ಟಿನಂತೆ ಹಗುರ. ಒಂದು ಲೀಟರ್ ಡಬ್ಬದ ತುಂಬ ಅದನ್ನು ತುಂಬಿದರೆ 50ರಿಂದ 100 ಗ್ರಾಂ ತೂಗಬಹುದು. ಉಳಿದ ಜಾಗವೆಲ್ಲ ಗಾಳಿ. ಯಂತ್ರದಿಂದ ಒತ್ತಿದ ಹಿಮವಾದರೆ ಅದೇ ಡಬ್ಬದಲ್ಲಿ 400–500 ಗ್ರಾಂ ಹಿಡಿಸುತ್ತದೆ. ಮೊದಲನೆಯದನ್ನು ಪುಡಿಹಿಮ ಎಂದು, ಎರಡನೆಯದನ್ನು ಗಟ್ಟಿಹಿಮ ಎಂದು ಕರೆಯೋಣ. ಪುಡಿಹಿಮದಲ್ಲಿ ಬೂಟು ಹಾಕಿಕೊಂಡು ನಡೆದರೆ ತೊಡೆಯವರೆಗೂ ಇಳಿದುಹೋಗಬಹುದು. ಗಟ್ಟಿಹಿಮದ ಮೇಲೆ ಬೂಟಿನ ಗುರುತು ಮಾತ್ರ ಬೀಳುತ್ತದೆ.

ಎಲ್ಲ ಸ್ಕೀಗಳೂ ಒಂದೇ ಅಳತೆಯವಲ್ಲ. ಸ್ಕೀ ಹಲಗೆಯ ಎರಡು ತುದಿಗಳು ಅಗಲವಾಗಿಯೂ ನಡುವೆ ಬೂಟು ನಿಲ್ಲುವ ಜಾಗ ಸ್ವಲ್ಪ ಕಿರಿದಾಗಿಯೂ ಇರುತ್ತದೆ. ಆ ಜಾಗವನ್ನು ಸ್ಕೀಯ ಸೊಂಟ ಎನ್ನುತ್ತಾರೆ. ಅಗಲವನ್ನು ಅಳೆಯುವುದು ಅಲ್ಲಿಯೇ. ಗಟ್ಟಿಹಿಮದ ಓಟಕ್ಕೆ ಬಳಸುವ ಸ್ಕೀಯ ಸೊಂಟ ಸುಮಾರು 7 ಸೆಂಟಿಮೀಟರ್. ಬೆಟ್ಟದ ಎಲ್ಲ ಕಡೆಗೂ ಆಗಲಿ ಎಂದು ಮಾಡಿದ, ಆಲ್ ಮೌಂಟನ್ ಎಂಬ ಹೆಸರಿನ ಅಗಲ ಸ್ಕೀ ಸುಮಾರು 10 ಸೆಂಟಿಮೀಟರ್. ಪುಡಿಹಿಮಕ್ಕೆಂದೇ ಮಾಡಿದ ಪೌಡರ್ ಸ್ಕೀ ಸುಮಾರು 12 ಸೆಂಟಿಮೀಟರ್. ನಿಮ್ಮ ಅಡಿಕೋಲಿನ ಮೇಲೆ 7, 10, 12 ಎಂಬ ಮೂರು ಗೆರೆಗಳನ್ನು ನೋಡಿ. ಅಷ್ಟು ಚಿಕ್ಕ ವ್ಯತ್ಯಾಸದಿಂದ ಏನಾದೀತು ಎನ್ನಿಸುತ್ತದೆ, ಅಲ್ಲವೇ?

ನಮ್ಮ 30 ಕಿಲೋಗ್ರಾಂ ಹುಡುಗಿಯನ್ನೇ ಮತ್ತೆ ಕರೆಯೋಣ. ಅವಳ ಸ್ಕೀಗಳು 150 ಸೆಂಟಿಮೀಟರ್ ಉದ್ದವಿರಲಿ. ಲೆಕ್ಕ ಸುಲಭವಾಗಲೆಂದು ಹಲಗೆ ಉದ್ದಕ್ಕೂ ಒಂದೇ ಅಗಲವಿದೆ ಎಂದುಕೊಳ್ಳೋಣ. 7 ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ಅಡಿಯಲ್ಲಿ 2,100 ಚದರ ಸೆಂಟಿಮೀಟರ್ ಹಿಮ ಸಿಗುತ್ತದೆ. ಒಂದೊಂದರ ಪಾಲಿಗೆ 14 ಗ್ರಾಂ. 10 ಸೆಂಟಿಮೀಟರ್ ಅಗಲವಾದರೆ 3,000 ಚದರ ಸೆಂಟಿಮೀಟರ್, 10 ಗ್ರಾಂ. 12 ಸೆಂಟಿಮೀಟರ್ ಆದರೆ 3,600 ಚದರ ಸೆಂಟಿಮೀಟರ್, 8 ಗ್ರಾಂಗಿಂತ ಸ್ವಲ್ಪ ಹೆಚ್ಚು. ಗಾಳಿಯೇ ತುಂಬಿದ ಪುಡಿಹಿಮಕ್ಕೆ 14 ಗ್ರಾಂಗೂ 8 ಗ್ರಾಂಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಕಿರಿದಾದ ಸ್ಕೀ ಹಿಮದ ಒಳಕ್ಕೆ ಇಳಿಯುತ್ತದೆ. ಅದರ ಮೂತಿ ಹಿಮದೊಳಗೆ ನುಗ್ಗಿ ಸಿಕ್ಕಿಕೊಂಡರೆ ಜಾರುವವನು ಮುಂದಕ್ಕೆ ಮುಗ್ಗರಿಸಿ ಬೀಳುತ್ತಾನೆ. ಬಿದ್ದಾಗ ಕಾಲಿನಿಂದ ಕಳಚಿದ ಸ್ಕೀಯನ್ನು ಆಳವಾದ ಹಿಮದಲ್ಲಿ ಹುಡುಕುವುದೇ ಒಂದು ದೊಡ್ಡ ಕೆಲಸ.

ಅಗಲ ಸ್ಕೀ ಪುಡಿಹಿಮದಲ್ಲಿ ತೇಲುತ್ತದೆ. ತೇಲುತ್ತದೆ ಎಂದರೆ ಪೂರ್ತಿ ಮೇಲೆಯೇ ನಿಲ್ಲುತ್ತದೆ ಎಂದಲ್ಲ. ಸುಮ್ಮನೆ ನಿಂತರೆ ಪೌಡರ್ ಸ್ಕೀ ಕೂಡ ಸ್ವಲ್ಪ ಇಳಿಯುತ್ತದೆ. ಜಾರತೊಡಗಿದ ಮೇಲೆ ಮುಂದಿನ ಹಿಮ ಹಲಗೆಯ ಅಡಿಯನ್ನು ಮೇಲಕ್ಕೆ ನೂಕುತ್ತದೆ. ಚಪ್ಪಟೆ ಕಲ್ಲನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಬೀಸಿ ಎಸೆದರೆ ಅದು ಮುಳುಗದೆ ಕುಪ್ಪಳಿಸುತ್ತಾ ಹೋಗುತ್ತದಲ್ಲ, ಹಾಗೆ. ವೇಗ ಹೆಚ್ಚಿದಷ್ಟೂ ಸ್ಕೀ ಮೇಲೇಳುತ್ತದೆ. ಅಗಲ ಹೆಚ್ಚಿದ್ದರೆ ಕಡಿಮೆ ವೇಗದಲ್ಲೇ ಮೇಲೇಳುತ್ತದೆ.

ಪುಡಿಹಿಮ ನೀರಿನಂತೆ ವರ್ತಿಸುತ್ತದೆ ಎಂಬುದನ್ನು ಸ್ಕೀ ಮಾಡುವವರು ತಿಳಿದುಕೊಳ್ಳಲು ಬಹಳ ಕಾಲ ಹಿಡಿಯಿತು. 1988ರಲ್ಲಿ ಆಸ್ಟ್ರಿಯಾ ದೇಶದ ಅಟಾಮಿಕ್ ಎಂಬ ಕಂಪನಿ ಬಹಳ ಅಗಲವಾದ ಒಂದು ಸ್ಕೀಯನ್ನು ತಂದಿತು. ಅದನ್ನು ರೂಪಿಸಿದವರು ರೂಪರ್ಟ್ ಹ್ಯೂಬರ್. ಎರಡು ಕಾಲುಗಳನ್ನೂ ಒಂದೇ ಹಲಗೆಯ ಮೇಲಿಟ್ಟು ಜಾರುವ ಸ್ನೋಬೋರ್ಡನ್ನು ಅವರು ಉದ್ದಕ್ಕೆ ಎರಡಾಗಿ ಕೊಯ್ದು ಮೊದಲ ಮಾದರಿ ಮಾಡಿದರೆಂದು ಹೇಳುತ್ತಾರೆ. ನೋಡಿದವರು ಅದನ್ನು ದಡಿಯ ಹುಡುಗ ಎಂಬ ಅರ್ಥ ಬರುವ ಅಡ್ಡಹೆಸರಿನಿಂದ ಕರೆದರು! ಮುಂದೆ ಶೇನ್ ಮೆಕಾಂಕಿ ಎಂಬ ಸ್ಕೀ ಆಟಗಾರ ಇನ್ನೂ ವಿಚಿತ್ರವಾದ ಕೆಲಸ ಮಾಡಿದ. ಸರೋವರದಲ್ಲಿ ದೋಣಿಯ ಹಿಂದೆ ನೀರಿನ ಮೇಲೆ ಜಾರಲು ಬಳಸುವ ಸ್ಕೀಗಳನ್ನೇ ಕಟ್ಟಿಕೊಂಡು ಅಲಾಸ್ಕಾದ ಹಿಮಬೆಟ್ಟದಿಂದ ಇಳಿದ. ಅವು ಹಿಮದ ಮೇಲೂ ಚೆನ್ನಾಗಿಯೇ ಜಾರಿದವು. ಆಮೇಲೆ ಪೌಡರ್ ಸ್ಕೀಗಳ ಮೂತಿಯನ್ನು ದೋಣಿಯ ಮೂತಿಯಂತೆ ಉದ್ದಕ್ಕೆ ಮೇಲೆತ್ತಿ ಮಾಡುವುದು ವಾಡಿಕೆಯಾಯಿತು.

ಹಾಗಾದರೆ ಎಲ್ಲರೂ 12 ಸೆಂಟಿಮೀಟರಿನ ಸ್ಕೀಯನ್ನೇ ಕೊಳ್ಳಬಹುದಲ್ಲ? ಈಗ ಗಟ್ಟಿಹಿಮಕ್ಕೆ ಬರೋಣ.

ಗಟ್ಟಿಹಿಮದಲ್ಲಿ ಮುಳುಗುವ ಭಯವಿಲ್ಲ. ಅಲ್ಲಿನ ಭಯ ಬೇರೆ, ಹಿಡಿತ ತಪ್ಪಿ ಜಾರಿಹೋಗುವುದು. ಸ್ಕೀಯ ಎರಡು ಅಂಚುಗಳಿಗೂ ಉಕ್ಕಿನ ಪಟ್ಟಿ ಕೂರಿಸಿರುತ್ತಾರೆ. ತಿರುಗಬೇಕಾದಾಗ, ನಿಲ್ಲಬೇಕಾದಾಗ ಸ್ಕೀಯನ್ನು ಒಂದು ಪಕ್ಕಕ್ಕೆ ಓರೆ ಮಾಡಬೇಕು. ಆಗ ಉಕ್ಕಿನ ಅಂಚು ಕತ್ತಿಯಂತೆ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಪುಡಿಹಿಮದಲ್ಲಿ ಭಾರ ಹಂಚಿಹೋಗಬೇಕಿತ್ತು. ಇಲ್ಲಿ ಅದು ಒಂದು ತೆಳ್ಳನೆಯ ಗೆರೆಯ ಮೇಲೆ ಕೂಡಿಬರಬೇಕು.

ಓರೆ ಮಾಡುವುದು ಎಷ್ಟು ಕಷ್ಟವೆಂದು ಮನೆಯಲ್ಲೇ ತಿಳಿಯಬಹುದು. ದೊಡ್ಡವರ ಕೈ ಹಿಡಿದುಕೊಂಡು, ಪಾದದಷ್ಟೇ ಅಗಲದ ಒಂದು ಹಲಗೆಯ ತುಂಡಿನ ಮೇಲೆ ಒಂದು ಕಾಲಿಡಿ. ಪಾದವನ್ನು ಒಳಕ್ಕೆ ವಾಲಿಸಿ ಹಲಗೆಯ ಹೊರ ಅಂಚನ್ನು ನೆಲದಿಂದ ಎಬ್ಬಿಸಿ. ಸುಲಭವಾಗಿ ಏಳುತ್ತದೆ. ಈಗ ಊಟಕ್ಕೆ ಕೂರುವ ಮಣೆಯ ನಡುವೆ ಕಾಲಿಟ್ಟು ಹಾಗೆಯೇ ಮಾಡಿ. ಹರಡು ನೋಯುತ್ತದೆಯೇ ಹೊರತು ಮಣೆ ಬೇಗ ಏಳುವುದಿಲ್ಲ. ಪಾದದ ನಡುವಿನಿಂದ ಅಂಚು ಎಷ್ಟು ದೂರವೋ ಅಷ್ಟು ಬಲ ಬೇಕು. 7 ಸೆಂಟಿಮೀಟರಿನ ಸ್ಕೀಯಲ್ಲಿ ಆ ದೂರ ಮೂರೂವರೆ ಸೆಂಟಿಮೀಟರ್, 12ರದರಲ್ಲಿ 6 ಸೆಂಟಿಮೀಟರ್. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬದಲಾಯಿಸಲು ಹೊತ್ತೂ ಹೆಚ್ಚು ಬೇಕು. ಆದ್ದರಿಂದ ಗಟ್ಟಿಹಿಮದಲ್ಲಿ ಪೌಡರ್ ಸ್ಕೀ ಮಂದವಾಗಿ ತಿರುಗುತ್ತದೆ. ಮಂಜುಗಡ್ಡೆಯಂತಹ ಜಾಗ ಬಂದರೆ ಅಂಚು ಹಿಡಿಯದೆ ಅದುರುತ್ತದೆ. ದಿನವಿಡೀ ಹಾಗೆ ಜಾರಿದವರ ಮೊಣಕಾಲು ಸೋಲುತ್ತದೆ. ಪುಡಿಹಿಮದ ರಾಜ ಗಟ್ಟಿಹಿಮಕ್ಕೆ ಬಂದರೆ ಕೂಲಿಯವನಾಗುತ್ತಾನೆ ಎನ್ನಬಹುದು.

ಇವೆರಡರ ನಡುವೆ ನಿಂತಿರುವುದು 10 ಸೆಂಟಿಮೀಟರಿನ ಆಲ್ ಮೌಂಟನ್ ಸ್ಕೀ. ಮೊಣಕಾಲುದ್ದದ ಹೊಸ ಹಿಮದಲ್ಲಿ ಅದು ಪೌಡರ್ ಸ್ಕೀಯಷ್ಟು ಸಲೀಸಾಗಿ ತೇಲುವುದಿಲ್ಲ, ಸ್ವಲ್ಪ ಹೆಚ್ಚು ವೇಗ ಬೇಕು, ಕಾಲಿಗೂ ಹೆಚ್ಚು ಕೆಲಸ. ಗಟ್ಟಿಹಿಮದಲ್ಲಿ ಓಟದ ಸ್ಕೀಯಷ್ಟು ಚುರುಕಾಗಿ ತಿರುಗುವುದಿಲ್ಲ. ಆದರೆ ಎರಡು ಕಡೆಯೂ ಕೈಬಿಡುವುದಿಲ್ಲ. ಹಿಮ ಬಿದ್ದ ಮಾರನೆಯ ದಿನ ಜನರು ಜಾರಿ ಜಾರಿ ಅಲ್ಲಲ್ಲಿ ಗುಡ್ಡೆಯಾಗಿ, ಅಲ್ಲಲ್ಲಿ ಗಟ್ಟಿಯಾಗಿ ಉಳಿದ ಮಿಶ್ರ ಹಿಮವಿರುತ್ತದಲ್ಲ, ಅದಕ್ಕೆ ಇದೇ ಒಳ್ಳೆಯದು. ಗುಲ್ಮಾರ್ಗ್‌ನಲ್ಲಿ ಬೆಟ್ಟದ ತುದಿಯಿಂದ ಪುಡಿಹಿಮದಲ್ಲಿ ಇಳಿಯಲು ಹೊರಟವರೂ ಕೊನೆಗೆ ಕೆಳಗಿನ ಗಟ್ಟಿ ಇಳಿಜಾರಿಗೆ ಬಂದೇ ಬರಬೇಕು. ಒಂದೇ ಜೊತೆ ಸ್ಕೀ ಕೊಳ್ಳಲು ಶಕ್ತಿ ಇರುವವರು ಇದನ್ನೇ ಆರಿಸುವುದು ಜಾಣತನ ಎಂದು ನನಗೆ ತೋರುತ್ತದೆ.

ಸ್ಪರ್ಧೆಗಳಲ್ಲಿ ಇಂತಹ ರಾಜಿ ಇರುವುದಿಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಕಾಶ್ಮೀರದ ಆರಿಫ್ ಖಾನ್ ಒಬ್ಬರೇ. ಜೈಂಟ್ ಸ್ಲಾಲಮ್ ಎಂಬ ಓಟದಲ್ಲಿ ಅವರು 45ನೆಯ ಸ್ಥಾನ ಪಡೆದರು. ಆ ಓಟದ ಸ್ಕೀಗಳ ಸೊಂಟ ಸುಮಾರು ಆರೂವರೆ ಸೆಂಟಿಮೀಟರ್. ಅಲ್ಲಿನ ಹಾದಿ ಕಲ್ಲಿನಂತೆ ಗಟ್ಟಿ.

ಇದಕ್ಕಿಂತಲೂ ಕಿರಿದಾದ ಸ್ಕೀಗಳಿವೆ. ಕೊಡಗಿನ ತೆಕ್ಕಡ ಭವಾನಿ ಅವರ ಹೆಸರನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಇಳಿಜಾರಿನಲ್ಲಿ ಮಾತ್ರವಲ್ಲದೆ ಸಮತಟ್ಟಿನಲ್ಲಿ, ಏರಿನಲ್ಲಿ ಕೂಡ ಕಿಲೋಮೀಟರುಗಟ್ಟಲೆ ಓಡುವ ಕ್ರಾಸ್ ಕಂಟ್ರಿ ಸ್ಕೀ ಅವರ ಆಟ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಓಟದಲ್ಲಿ ಅವರು ಕಂಚಿನ ಪದಕ ಗೆದ್ದರು. ಹಿಮವೇ ಬೀಳದ ಕೊಡಗಿನಿಂದ ಹೋಗಿ! ಈ ಓಟದ ಸ್ಕೀಯ ಅಗಲ ಸುಮಾರು ನಾಲ್ಕೂವರೆ ಸೆಂಟಿಮೀಟರ್, ನಿಮ್ಮ ಮೂರು ಬೆರಳುಗಳನ್ನು ಸೇರಿಸಿದಷ್ಟು. ಹಾದಿಯನ್ನು ಮೊದಲೇ ಯಂತ್ರದಿಂದ ಒತ್ತಿರುವುದರಿಂದ ತೇಲಲು ಅಗಲ ಬೇಕಿಲ್ಲ. ಒಂದೊಂದು ಹೆಜ್ಜೆಗೂ ಸ್ಕೀಯನ್ನು ಎತ್ತಿ ಮುಂದಿಡಬೇಕಾದ್ದರಿಂದ ಅದು ಹಗುರವಾಗಿರಬೇಕು. ಪೌಡರ್ ಸ್ಕೀ ಒಂದು ಜೊತೆ ಸುಮಾರು 4 ಕಿಲೋಗ್ರಾಂ ತೂಗಿದರೆ, ಈ ಓಟದ ಸ್ಕೀ ಒಂದು ಜೊತೆಯ ತೂಕ ಸುಮಾರು ಒಂದೇ ಕಿಲೋಗ್ರಾಂ.